ಮಕಾಡೆ ಮಲಗಿದವನಿಗೆ ಕೊಂಬಿನವನ ಕಥೆ

ಬಟವಾಡಿಯ ವಾಚ್ ರಿಪೇರಿ ಸೋಮಶೇಖರನಿಗೆ ಇದ್ದದ್ದು ಒಂದೇ ಕಣ್ಣು. ಎಡಗಣ್ಣು ಹತ್ತು ವರ್ಷದ ಹಿಂದೆಯೇ ಹೋಗಿತ್ತು. ಕಣ್ಣೊಳಗಿನ ಪರದೆ ಕಿತ್ತುಬಂದಿದೆ ಎಂದು ಆಪರೇಷನ್ ಮಾಡಿದ ಡಾಕ್ಟರು ಆಗಲೇ ಬಿಡಿಸಿ ಹೇಳಿದ್ದರು: ಒಳಗೆ ಗ್ಯಾಸಿನ ಗುಳ್ಳೆ ಬಿಟ್ಟಿದ್ದೇವೆ, ಅದು ಪರದೆಯನ್ನು ಒತ್ತಿ ಹಿಡಿಯಬೇಕು, ಹತ್ತು ದಿನ ಮುಖ ಕೆಳಗೆ ಹಾಕಿಯೇ ಮಲಗಬೇಕು. ಪುಣ್ಯಾತ್ಮ ಕೇಳಿದನೇ? ಮೂರನೇ ದಿನವೇ ಎದ್ದು ಹೋಗಿ ಅಂಗಡಿ ಬಾಗಿಲು ತೆಗೆದ. ಕಣ್ಣು ಹೋಯಿತು. ಈಗ ಅದೇ ಕಾಯಿಲೆ ಬಲಗಣ್ಣಿಗೆ ಬಂದು, ಅದೇ ಆಪರೇಷನ್ ಆಗಿ, ಮತ್ತೆ ಅದೇ ಹತ್ತು ದಿನ. ಈ ಸಲವೂ ಎದ್ದರೆ ಬಾಳೆಲ್ಲ ಕತ್ತಲೆ.

ಅದನ್ನು ನೆನೆದು ಅನ್ನ ಸೇರದೆ ಕೂತವಳು ಅವನ ಹೆಂಡತಿ ಉಮಾಮಹೇಶ್ವರಿ. ನಿಟ್ಟೂರಿನ ಹೆಣ್ಣುಮಗಳು, ಐವತ್ತಾರು ವರ್ಷ, ಮನೆಯಲ್ಲೇ ಸೀರೆಗಳಿಗೆ ಕುಚ್ಚು ಕಟ್ಟುತ್ತಾಳೆ. ಮೊದಲ ದಿನ ಗಂಡನ ಮಂಚದ ಪಕ್ಕ ಕೂತು ಪೇಪರು ಓದಿ ಹೇಳಿದಳು. ಟೆಂಡರು, ನಿಧನ ವಾರ್ತೆ, ರಾಶಿಫಲ ಎಲ್ಲ ಮುಗಿಯಿತು. ಎರಡನೇ ದಿನ ಮಧ್ಯಾಹ್ನ ಅವನು ಏಳಲು ಕೈಯೂರಿದ.

"ಸಾಕು ಕಣೇ. ಕತ್ತು ಬಿದ್ದೋಗ್ತಾ ಐತೆ. ಒಂದೈದ್ ನಿಮಿಷ ಮ್ಯಾಕೆ ನೋಡ್ತೀನಿ."

"ಅಯ್ಯೋ ನಿಮ್ಮ ದಮ್ಮಯ್ಯ! ಮಲಕ್ಕೊಳ್ರೀ, ಒಂದ್ ಕಥೆ ಹೇಳ್ತೀನಿ" ಎಂದಳು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು, ನೋಡಿ. ಅವಳ ಹತ್ತಿರ ಇದ್ದದ್ದಾದರೂ ಯಾವ ಕಥೆ?

ಕುಣಿಗಲ್ಲಿನ ನಾದಿನಿಯ ಮಗಳು ಪಲ್ಲವಿ ಆರು ತಿಂಗಳ ಹಿಂದೆ ಅತ್ತೆಯ ಮೊಬೈಲಿಗೆ ಒಂದು ಕಥೆಗಳ ಆ್ಯಪ್ ಹಾಕಿಕೊಟ್ಟಿದ್ದಳು. ಅದರಲ್ಲಿ ಉಮಾಮಹೇಶ್ವರಿ ಹಿಡಿದು ಕೂತದ್ದು ಒಬ್ಬ ರಾಕ್ಷಸನ ಪ್ರೇಮಕಥೆ. ಕೆರೆಯ ತೂಬಿನ ಹತ್ತಿರ ಇರುತ್ತಾನೆ, ಎರಡು ಕೊಂಬು, ಮಾರುದ್ದದ ಬಾಲ, ಪಾಚಿ ಬಣ್ಣದ ಮೈ. ಊರಿಗೆ ಹೊಸದಾಗಿ ಬಂದ ಟೀಚರಮ್ಮನಿಗೆ ಬೆಳಿಗ್ಗೆ ಬಿಸಿ ಉಪ್ಪಿಟ್ಟು ಮಾಡಿಕೊಡುತ್ತಾನೆ, ಸಂಜೆ ಹಂಡೆಯಲ್ಲಿ ನೀರು ಕಾಯಿಸುತ್ತಾನೆ. ಬಚ್ಚಲಲ್ಲಿ ಹಬೆ ಏಳುತ್ತದೆ, ಆಮೇಲೆ ಕಥೆಯಲ್ಲೂ ಏಳುತ್ತದೆ. ಬರೆದವಳು ಯಾರೋ ತುಂಟಿ, ಅಂಥ ರಾಕ್ಷಸನಿಗೆ ಬ್ಯಾಂಕ್ ಮ್ಯಾನೇಜರನ ಹಾಗೆ ಸೋಮಶೇಖರ ಎಂದು ಹೆಸರಿಟ್ಟಿದ್ದಳು! ಉಮಾಮಹೇಶ್ವರಿ ಆ ಕಥೆಗೆ ಸೋತದ್ದೇ ಅದಕ್ಕೆ. ಗಂಡನ ಹೆಸರು ಬಾಯಲ್ಲಿ ಹೇಳಿದರೆ ಅವನ ಆಯಸ್ಸು ಸವೆಯುತ್ತದೆ ಎಂದು ಅಜ್ಜಿ ಹೇಳಿಕೊಟ್ಟಿದ್ದಳು. ಕಣ್ಣಲ್ಲಿ ಓದಿಕೊಂಡರೆ ಏನೂ ಆಗುವುದಿಲ್ಲವಲ್ಲ.

ಈಗ ಗಟ್ಟಿಯಾಗಿ ಓದಬೇಕು. ಅದೂ ಅವನ ಕಣ್ಣು ಉಳಿಯುತ್ತದೋ ಹೋಗುತ್ತದೋ ಎನ್ನುವ ಹೊತ್ತಿನಲ್ಲಿ. ಆ ಹೆಸರು ಹೇಳುವುದುಂಟೇ? ಹಾಗಾಗಿ ಹೆಸರು ಬಂದ ಕಡೆಯೆಲ್ಲ "ನಮ್ಮನೆಯವ್ರು" ಎಂದು ಓದುತ್ತ ಹೋದಳು. ನಮ್ಮನೆಯವ್ರು ನೀರಿನಿಂದ ಎದ್ದು ಬಂದರು. ನಮ್ಮನೆಯವ್ರು ಚುಚ್ಚೀತೆಂದು ಕೊಂಬು ಓರೆ ಮಾಡಿ ಅವಳ ಭುಜಕ್ಕೆ ಒರಗಿದರು.

ದಿಂಬಿನಲ್ಲಿ ಮುಖವಿಟ್ಟಿದ್ದ ಸೋಮಶೇಖರನ ಬೆನ್ನು ಕುಲುಕತೊಡಗಿತು. ಉಮಾಮಹೇಶ್ವರಿ ಓದುವುದು ಬಿಟ್ಟು ಅವನ ಬೆನ್ನ ಮೇಲೆ ಕೈಯಿಟ್ಟಳು.

"ಅಳ್ಬೇಡ್ರೀ, ಕಣ್ಣಿಗ್ ಆಗಲ್ಲ!"

"ಅಳ್ತಿಲ್ಲ ಕಣೇ, ನಗ್ತಾ ಇದೀನಿ. ನಿಮ್ಮನೆಯವ್ರಿಗೆ ಕೊಂಬು ಯಾವಾಗ ಬಂತು? ಹ್ಞೂಂ, ಮುಂದಕ್ಕೆ ಓದು."

ಅವತ್ತು ಅವನು ಏಳಲಿಲ್ಲ. ಮಾರನೇ ದಿನ ಊಟಕ್ಕೆಂದು ಬಿಟ್ಟ ಹತ್ತು ನಿಮಿಷದಲ್ಲೂ ತಲೆ ತಗ್ಗಿಸಿಕೊಂಡೇ ತಿಂದು, "ಬೇಗ ಬಾರೇ, ಆ ಬಚ್ಚಲ ಮನೇದು ಅರ್ಧಕ್ಕೆ ನಿಂತೈತೆ" ಎಂದು ಕರೆದ. ಅಬ್ಬಾ, ಅವಳ ಕೆನ್ನೆ ನೋಡಬೇಕಿತ್ತು!

ಆರನೇ ದಿನ ಯಡಿಯೂರಿನಿಂದ ಅವರ ಮನೆತನದ ಅಯ್ಯನವರು ಕರಿಬಸವಯ್ಯ ಪ್ರಸಾದ, ವಿಭೂತಿ ಹಿಡಿದು ಬಂದರು. ಬಾಗಿಲು ತೆರೆದೇ ಇತ್ತು. ಒಳಗೆ ಉಮಾಮಹೇಶ್ವರಿಯ ದನಿ ರಾಗವಾಗಿ ಕೇಳುತ್ತಿತ್ತು: "ನಮ್ಮನೆಯವ್ರು ಬಾಲದಲ್ಲಿ ಸೊಂಟ ಬಳಸಿ, ಕಿವಿಯ ಹತ್ತಿರ ಬಾಯಿ ತಂದು, ಮುಟ್ಟಲಾ ಎಂದು ಕೇಳಿದರು." ಅಯ್ಯನವರು ಹೊಸ್ತಿಲಲ್ಲೇ ಕಲ್ಲಾದರು. ಆಪರೇಷನ್ ಆಗಿದ್ದು ಕಣ್ಣಿಗೋ, ಮತ್ತೆಲ್ಲಿಗೋ?

"ತಾಯಿ... ಸೋಮಣ್ಣಂಗೆ ಏನಾಯ್ತವ್ವಾ? ಬಾಲ ಅಂತಿದ್ದೀಯಲ್ಲ!"

ಉಮಾಮಹೇಶ್ವರಿ ಮೊಬೈಲನ್ನು ಸೆರಗಿನಲ್ಲಿ ಮುಚ್ಚಿ, ಭೂಮಿ ಬಾಯಿ ಬಿಡಬಾರದೇ ಎಂದು ನಿಂತಳು. ಮಲಗಿದ್ದವನೇ ನಗುತ್ತ, ಅದು ಕಥೆಯೊಳಗಿನ ರಾಕ್ಷಸ, ಹೆಸರು ನಂದೇ, ಇವಳು ಹೇಳಲ್ಲ ಎಂದು ವಿವರಿಸಿದ. ಅಯ್ಯನವರು ವಿಭೂತಿಯ ಪೊಟ್ಟಣ ಕೆಳಗಿಟ್ಟು, ಗೋಡೆಗೆ ಒರಗಿ ಕೂತು ಕೇಳಿದರು: "ಅಲ್ಲವ್ವಾ, ಅವಳೇನಂದ್ಲು? ಮುಟ್ಟು ಅಂದ್ಲಾ, ಬ್ಯಾಡ ಅಂದ್ಲಾ?"

ಅವರು ಹೋದ ಮೇಲೆ ಸೋಮಶೇಖರ ದಿಂಬಿಗೇ ಹೇಳಿಕೊಂಡವನಂತೆ ಅಂದ: "ರಾಕ್ಷಸ ಆದ್ರೂ ಕೇಳಿ ಮುಟ್ತಾನಲ್ಲೇ. ಸುಸ್ತಾಯ್ತಾ ಅಂತಾನೆ, ಉಪ್ಪಿಟ್ಟಿಗೆ ಉಪ್ಪು ಸಾಕಾ ಅಂತಾನೆ. ನಾನು ನಿನ್ನ ಏನಾದ್ರೂ ಕೇಳಿದ್ದು ನೆಪ್ಪೈತಾ?"

"ಗ್ಯಾಸ್ ಬುಕ್ ಮಾಡಿದ್ಯಾ ಅಂತ ಕೇಳ್ತಿದ್ರಿ."

ಈ ಸಲ ಅವನು ನಗಲಿಲ್ಲ. ಕೈಯನ್ನು ಮಂಚದ ಕೆಳಗೆ ಇಳಿಬಿಟ್ಟು ತಡಕಿ ಅವಳ ಕೈ ಹುಡುಕಿದ. "ಹಿಡ್ಕೊಳ್ಲಾ?" ಎಂದ. ಉಮಾಮಹೇಶ್ವರಿ ಒಂದು ಕೈ ಅವನಿಗೆ ಕೊಟ್ಟು, ಇನ್ನೊಂದರಲ್ಲಿ ಮೊಬೈಲು ಹಿಡಿದು ಓದಿದಳು.

ಹತ್ತು ದಿನವೂ ಅವನು ತಲೆ ಎತ್ತಲಿಲ್ಲ. ಹನ್ನೊಂದನೇ ದಿನ ಡಾಕ್ಟರು ನೋಡಿ, ಪರದೆ ಚೆನ್ನಾಗಿ ಅಂಟಿದೆ, ಗುಳ್ಳೆ ಕರಗುತ್ತ ಬಂದಂತೆ ನೋಟ ತಿಳಿಯಾಗುತ್ತದೆ ಎಂದರು. "ಇಷ್ಟು ಶಿಸ್ತಾಗಿ ಯಾರೂ ಮಲಗಲ್ಲ, ಹೇಗ್ರೀ ಮಲಗಿದ್ರಿ?" ಎಂದು ಕೇಳಿದರು. ಗಂಡಹೆಂಡಿರಿಬ್ಬರೂ ನೆಲ ನೋಡಿದರು. ಮನೆಗೆ ಬಂದವಳೇ ಉಮಾಮಹೇಶ್ವರಿ ಆ ಕಥೆಯ ಕೆಳಗೆ, ಒಂದೊಂದೇ ಅಕ್ಷರ ಹುಡುಕಿ ಒತ್ತಿ ಬರೆದಳು: "ತಾಯಿ, ನೀನು ಯಾರೋ ಗೊತ್ತಿಲ್ಲ. ನಿನ್ನ ಕಥೆಯಿಂದ ನಮ್ಮನೆಯವರ ಕಣ್ಣು ಉಳಿಯಿತು. ನಿನ್ನ ಹೊಟ್ಟೆ ತಣ್ಣಗಿರಲಿ."

ಒಂದೂವರೆ ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಕಾಫಿ ಕೊಡಲು ಬಂದವಳನ್ನು ಅವನು ಕಿಟಕಿಯ ಬೆಳಕಿಗೆ ಕರೆದು ನಿಲ್ಲಿಸಿಕೊಂಡ. ಗುಳ್ಳೆ ಪೂರ್ತಿ ಕರಗಿತ್ತು. ವಾಚಿನೊಳಗಿನ ಕೂದಲೆಳೆಯಷ್ಟು ಸ್ಪ್ರಿಂಗು ಹುಡುಕುವ ಆ ಕಣ್ಣು ಅವಳ ಮುಖದ ಮೇಲೆ ನಿಧಾನವಾಗಿ ಓಡಾಡಿತು.

"ಇದೇನೇ, ಮೂಗುಬಟ್ಟು ಬದ್ಲಾಯಿಸಿದ್ದೀಯಾ? ಕೆಂಪು ಹರಳು... ಯಾವತ್ತು ಹಾಕ್ಕೊಂಡೆ?"

"ಆರು ವರ್ಷ ಆಯ್ತು ಕಣ್ರೀ" ಎಂದಳು ಉಮಾಮಹೇಶ್ವರಿ.