ಪರದೆಯ ಹಿಂದಿನ ಕೈಗಳು

ಅರಸೀಕೆರೆಯಲ್ಲಿ ನಮ್ಮ ವಾರ್ಡು ಆ ಸಲ ಮಹಿಳೆಗೆ ಮೀಸಲಾಯಿತು. ನಮ್ಮದು ಮುಸ್ಲಿಮರೇ ಸೇರಿ ಕಟ್ಟಿಕೊಂಡ ಸಣ್ಣ ಪಕ್ಷ. ನಗರಸಭೆಗೆ ಯಾರನ್ನು ನಿಲ್ಲಿಸುವುದೆಂದು ತೀರ್ಮಾನಿಸಲು ಕೊಬ್ಬರಿ ಮಂಡಿಯ ಹಿಂದಿನ ಶಾದಿಮಹಲಿನಲ್ಲಿ ಸಭೆ ಕರೆದರು. ಗಂಡಸರು ಮುಂದೆ ಕುರ್ಚಿಗಳಲ್ಲಿ, ನಾವು ಹೆಂಗಸರು ಹಿಂದೆ ಜಮಖಾನದ ಮೇಲೆ, ನಡುವೆ ಹಸಿರು ಪರದೆ. ಅದು ಯಾವತ್ತಿನ ರೂಢಿ; ಯಾರೂ ತಕರಾರು ಮಾಡಿರಲಿಲ್ಲ, ನಾನೂ ಮಾಡಿರಲಿಲ್ಲ.

ನನ್ನ ಹಿರಿಯ ಓರಗಿತ್ತಿ, ನಾನು ಭಾಬಿ ಎಂದು ಕರೆಯುವವರು, ನಿಲ್ಲಬೇಕೆಂಬುದು ನಮ್ಮ ಆಸೆ. ನಲ್ಲಿಯಲ್ಲಿ ನೀರು ಬಾರದಿದ್ದರೆ ನಗರಸಭೆಗೆ ಹೋಗಿ ಜಗಳ ಆಡುತ್ತಿದ್ದವರು ಅವರೇ. ಗಂಡ ಸತ್ತವರ ಪಿಂಚಣಿಗೆ ತಾಲ್ಲೂಕು ಕಚೇರಿ ಅಲೆಯುತ್ತಿದ್ದವರೂ ಅವರೇ. ಚುನಾವಣೆ ಬಂದಾಗ ಮನೆಯೊಳಗೆ ಹೋಗಿ ಹೆಂಗಸರ ಓಟು ಕೇಳುತ್ತಿದ್ದುದು ನಾವು. ನಮ್ಮ ಪಕ್ಷದ ಬಹಳಷ್ಟು ಗಂಡಸರು ಕೆಲಸಕ್ಕೆ ಕರೀಬೇಡ, ಊಟಕ್ಕೆ ಮರೀಬೇಡ ಎನ್ನುವ ಪೈಕಿ.

ಪಕ್ಷದ ಅಧ್ಯಕ್ಷರು ತಮ್ಮ ಹೆಂಡತಿಯ ಹೆಸರು ಹೇಳಿದರು. ಆಕೆ ನಮ್ಮ ಜೊತೆಯೇ, ಮೊದಲ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದರು. ನಿಲ್ಲುತ್ತೀಯಾ ಎಂದು ಅವರನ್ನು ಯಾರೂ ಕೇಳಿದಂತಿರಲಿಲ್ಲ. ನನ್ನ ಯಜಮಾನರು ಎದ್ದು ಭಾಬಿಯ ಹೆಸರು ಹೇಳಿದರು. ಕೈ ಎತ್ತಿಸಿ ಎಣಿಸುವುದೆಂದಾಯಿತು. ಅಧ್ಯಕ್ಷರ ಹೆಂಡತಿಗೆ ಗಂಡಸರ ಕಡೆಯಿಂದ ಬಹಳ ಕೈ ಎದ್ದವು. ಆಮೇಲೆ ಭಾಬಿಗೆ ಯಾರು ಎಂದಾಗ ಅಲ್ಲಿ ನಾಲ್ಕಾರು ಕೈ. ನಮ್ಮ ಕಡೆ ಎತ್ತಿದ ಕೈಗಳನ್ನು ಯಾರೂ ಎಣಿಸಲೇ ಇಲ್ಲ.

"ಈ ಕಡೆ ನಾವೂ ಕೈ ಎತ್ತಿದ್ದೀವಿ, ಎಣಿಸಿ" ಎಂದು ಕೂಗಿದೆ.

"ಕಾಣಾಕಿಲ್ವಲ್ಲಮ್ಮ! ಕಾಣದ್ದನ್ನ ಹೆಂಗೆ ಎಣಿಸೋದು?" ಎಂದರು ಅಧ್ಯಕ್ಷರು. ಗಂಡಸರು ನಕ್ಕರು.

ನನಗೆ ಕೋಪ ಮೂಗಿನ ತುದಿಯಲ್ಲೇ. ಎದ್ದು ಹೋಗಿ ಪರದೆಯ ಹಗ್ಗ ಬಿಚ್ಚಿಬಿಟ್ಟೆ. ಪರದೆ ಕುಪ್ಪೆಯಾಗಿ ನೆಲಕ್ಕೆ ಬಿತ್ತು. ಭಾಬಿ "ಅಯ್ಯೋ ಅಲ್ಲಾ" ಎಂದರು. ಹೆಂಗಸರು ಗಾಬರಿಯಿಂದ ಒಂದು ಕೈಯಲ್ಲಿ ಸೆರಗು ಮುಂದಕ್ಕೆ ಎಳೆದುಕೊಂಡರು. ಇನ್ನೊಂದು ಕೈ ಮಾತ್ರ ಇಳಿಸಲಿಲ್ಲ. ನಗು ನಿಂತಿತು. ಮೊದಲ ಸಾಲಿನಲ್ಲಿ ಅಧ್ಯಕ್ಷರ ಹೆಂಡತಿಯ ಕೈಯೂ ಮೇಲಿತ್ತು. ಅದನ್ನು ನಾನೂ ಆಗಷ್ಟೇ ನೋಡಿದ್ದು.

ಅಧ್ಯಕ್ಷರು ಮೈಕಿನಲ್ಲೇ ಹೇಳಿದರು: "ಲೇ, ಇದು ನಿನ್ನ ಹೆಸರಿಗಲ್ಲ ಕಣೇ, ಕೈ ಇಳಿಸು."

"ಗೊತ್ತೈತೆ" ಎಂದರು ಆಕೆ. "ಕೈ ನೋಯ್ತಾ ಐತೆ ಕಣ್ರೀ. ಬೇಗ ಎಣಿಸಿ."