ಕುಶಲಾ ಬೆಚ್ಚಗಾದದ್ದು

ಕಾವೂರಿನ ಕುಶಲಾ ಗಂಡ ಶೀನಪ್ಪನ ಹೋಟೆಲಿಗೆ ಬೇಕಾದ ಹಿಟ್ಟನ್ನೆಲ್ಲ ಒಬ್ಬಳೇ ರುಬ್ಬುತ್ತಿದ್ದವಳು. ನಲವತ್ತು ದಾಟಿದ ಮೇಲೆ ಅವಳಿಗೆ ಏನೋ ಆಯಿತು. ಮುಖ ಊದಿಕೊಂಡಿತು, ಸ್ವರ ಗೊಗ್ಗರಾಯಿತು, ಕೂತಲ್ಲೇ ತೂಕಡಿಸತೊಡಗಿದಳು. ಏಪ್ರಿಲಿನ ಸೆಖೆಯಲ್ಲೂ ಕಂಬಳಿ ಹೊದೆಯುತ್ತಿದ್ದಳು. ಉದಾಸೀನ, ಬರೀ ಸೋಮಾರಿತನ ಎಂದು ಮನೆಯವರು ನಕ್ಕರು. ಅವಳೂ ಹಾಗೆಯೇ ನಂಬಿದಳು.

೧೯೬೩ರ ಜುಲೈಯಲ್ಲಿ ಮಳೆ ಬಿಡದೆ ಹೊಯ್ಯುತ್ತಿದ್ದಾಗ ಒಂದು ಬೆಳಿಗ್ಗೆ ಕುಶಲಾ ಏಳಲಿಲ್ಲ. ಶೀನಪ್ಪ ಅವಳ ಹೊಟ್ಟೆಯ ಮೇಲೆ ಕೈಯಿಟ್ಟ. ಅಲ್ಲಿಯೂ ತಣ್ಣಗಿತ್ತು. ಉಸಿರು ಮಾತ್ರ ಮೆಲ್ಲಗೆ ಆಡುತ್ತಿತ್ತು. ಬಾಡಿಗೆ ಕಾರು ಮಾಡಿ ಅತ್ತಾವರದ ಆಸ್ಪತ್ರೆಗೆ ತಂದ.

ಡಾಕ್ಟರ್ ಚಿತ್ತರಂಜನ ಕಾರಿನ ಬಾಗಿಲಿಗೇ ಬಂದರು. "ಎಳೆಯಬೇಡಿ. ಮಲಗಿದ ಹಾಗೆಯೇ ಎತ್ತಿ."

ಥರ್ಮಾಮೀಟರಿನ ಪಾದರಸ ಕೆಳಗಿನ ಗೆರೆಯನ್ನೂ ಮುಟ್ಟಲಿಲ್ಲ. ಕೈಕಾಲಿಗೆ, ಎದೆಗೆ ವಯರು ಕಟ್ಟಿ ಇಸಿಜಿ ಮಿಷಿನ್ ಹಚ್ಚಿದರು. ಕಾಗದದ ಮೇಲೆ ಮುಳ್ಳು ಒಮ್ಮೆ ಏರಿಳಿದು, ತುಂಬಾ ದೂರ ಸುಮ್ಮನೆ ಎಳೆದುಕೊಂಡು ಹೋಗಿ, ಆಮೇಲೆ ಇನ್ನೊಮ್ಮೆ ಏರುತ್ತಿತ್ತು.

ಶೀನಪ್ಪನಿಗೆ ತಡೆಯಲಾಗಲಿಲ್ಲ. "ಬಿಸಿನೀರಿನ ಚೀಲ ಇಡುವ, ಡಾಕ್ಟ್ರೇ. ಕಾಲಾದರೂ ತಿಕ್ಕುತ್ತೇನೆ."

"ಬೇಡ. ಇಷ್ಟು ತಣ್ಣಗಾದ ಹೃದಯ ಸಣ್ಣ ಕುಲುಕಿಗೂ ಲಯ ತಪ್ಪಿ ನಿಂತುಬಿಡಬಹುದು. ಒಮ್ಮೆಗೇ ಬಿಸಿ ಮಾಡಿದರೂ ಅಪಾಯ ಉಂಟು. ಕಂಬಳಿಯೊಳಗೆ ಅವರಷ್ಟಕ್ಕೆ ಬೆಚ್ಚಗಾಗಲಿ." ಹಿಂದಿನದನ್ನೆಲ್ಲ ಕೇಳಿಕೊಂಡ ಮೇಲೆ ಹೇಳಿದರು: "ಇದು ಉದಾಸೀನ ಅಲ್ಲ ಶೀನಪ್ಪನವರೇ. ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಸೋತುಹೋಗಿದೆ. ಅದಕ್ಕೆ ಮದ್ದು ಉಂಟು."

ಮಾತ್ರೆ ಅರೆದು ಮೂಗಿನ ನಳಿಗೆಯಿಂದ ಕೊಟ್ಟರು. ನರ್ಸ್ ತೆರೆಸಾ ನಾಡಿಯ ಮೇಲೆ ಬೆರಳಿಟ್ಟು ಕೂತರು. ಆಗಾಗ ಮಿಷಿನ್ ಓಡಿಸಿ ಕಾಗದ ಹರಿದು ನೋಡುವರು. ಶೀನಪ್ಪ ಎರಡೂ ಕೈಗಳನ್ನು ಮೊಣಕಾಲಿನ ನಡುವೆ ಬಿಗಿಹಿಡಿದು ಕಾದ. ಹೆಂಡತಿಯನ್ನು ಮುಟ್ಟದೆ ಕೂರುವುದು ಅವನಿಗೆ ಯಾವ ಕೆಲಸಕ್ಕಿಂತಲೂ ಕಷ್ಟವಾಯಿತು.

ಮರುದಿನ ತೆರೆಸಾ ಹೊಸ ಕಾಗದವನ್ನು ಅವನ ಮುಂದೆ ಹಿಡಿದರು. "ನೋಡಿ, ಬಡಿತದ ಗೆರೆ ಹತ್ತಿರ ಹತ್ತಿರ ಬರ್ತಾ ಉಂಟು."

ಕೆಲವು ದಿನ ಕಳೆದು ಕುಶಲಾ ಕಣ್ಣು ಬಿಟ್ಟಳು. "ಇದು ಯಾರ ಮನೆ?"

ಶೀನಪ್ಪ ಕೈ ಚಾಚಿದವನು ತಡೆದುಕೊಂಡು ತೆರೆಸಾರನ್ನು ನೋಡಿದ. ಅವರು ತಲೆಯಾಡಿಸಿದ ಮೇಲೆಯೇ ಅವಳ ಕೈ ಹಿಡಿದ.

ಊತ ಇಳಿಯಲು ತಿಂಗಳುಗಳೇ ಬೇಕಾದವು. ಮಾತ್ರೆ ನಿಲ್ಲಿಸುವ ಹಾಗಿರಲಿಲ್ಲ. ಆದರೆ ದೀಪಾವಳಿ ಕಳೆದ ಮೇಲೆ ಒಂದು ದಿನ ಅವಳೇ ಹೊರಟಳು: "ಬಜಪೆಗೆ ಹೋಗುವ. ನಾನು ಇನ್ನೂ ವಿಮಾನ ಇಳಿಯುವುದನ್ನು ನೋಡಲಿಲ್ಲ."

ಬಸ್ಸಿಳಿದು ವಿಮಾನ ನಿಲ್ದಾಣದ ಗುಡ್ಡ ಹತ್ತುವಾಗ ಅವಳು ಮುಂದೆ, ಶೀನಪ್ಪ ಹಿಂದೆ.

"ಸ್ವಲ್ಪ ಮೆಲ್ಲ ಹೋಗು ಮಾರಾಯ್ತಿ," ಎಂದ ಅವನು ಏದುಸಿರು ಬಿಡುತ್ತಾ.