ಕದ್ದ ಎಲೆ

ನಮ್ಮ ನಾಲ್ಕನೇ ಕ್ಲಾಸಿನ ಟೀಚರು ಹಂಗಾರಕಟ್ಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಕೊಡೆ, ಬುತ್ತಿ, ಇಸ್ಪೀಟು ಮೂರೂ ಒಂದೇ ಚೀಲದಲ್ಲಿ. ರಾಜ, ರಾಣಿ, ಗುಲಾಮರನ್ನು ಮಾತ್ರ ಮೊದಲೇ ಹೊರಗಿಡುತ್ತಿದ್ದರು. "ಇವ್ರಿಗೆ ಲೆಕ್ಕ ಬತ್ತಿಲ್ಲೆ" ಅನ್ನುತ್ತಿದ್ದರು.

ಉಳಿದ ನಲವತ್ತು ಎಲೆ ಕೂಡಿಸಿದರೆ ಇನ್ನೂರಿಪ್ಪತ್ತು. ನೆಲದ ಮೇಲೆ ಸುತ್ತ ಕೂತು ಆಡುವುದು, ಆಟ ಮುಗಿದ ಮೇಲೆ ಗೆದ್ದ ಎಲೆಗಳನ್ನೆಲ್ಲ ಕೂಡಿಸುವುದು. ಮೊತ್ತ ಯಾವತ್ತೂ ಕಮ್ಮಿಯೇ ಬರುತ್ತಿತ್ತು, ಯಾಕೆಂದರೆ ಟೀಚರು ಒಂದು ಎಲೆ ಕದ್ದಿರುತ್ತಿದ್ದರು. "ಸಮ ಬಂತಾ ಕಾಣಿ" ಎಂದು ಮಾಡಿನ ಹೆಂಚು ನೋಡುತ್ತ ಕೂರುವರು. ಕದ್ದದ್ದು ಯಾವ ಎಲೆ ಎಂದು ಲೆಕ್ಕ ಹಾಕಿ ಹೇಳಿದರೆ ಮಾತ್ರ ಅದು ಸೆರಗಿನಡಿಯಿಂದ ಹೊರಗೆ ಬರುತ್ತಿತ್ತು.

ಒಂದು ದಿನ ಹೆಡ್ಮಾಷ್ಟ್ರು ಬಾಗಿಲಲ್ಲಿ ನಿಂತರು. "ಎಂತ ಟೀಚರೇ ಇದ್, ಶಾಲೆಯಾ, ಇಸ್ಪೀಟ್ ಅಡ್ಡೆಯಾ? ಇವತ್ತೇ ಬಂದ್ ಮಾಡಿ."

"ಒಂದ್ ಆಟ ಕೂಕಣಿ ಸರ್. ಮತ್ತೆ ಬಂದ್ ಮಾಡ್ವ."

ಅವರು ಗೊಣಗುತ್ತಲೇ ಕೂತು ಆಡಿದರು. ಕಡೆಗೆ ಕೂಡಿಸಿದರೆ ಹದಿನಾರು ಕಮ್ಮಿ. ಹದಿನಾರರ ಎಲೆಯೇ ಇಲ್ಲವಲ್ಲ. ಟೀಚರು ಗಾಬರಿಯಿಂದ ತಮ್ಮ ಸೆರಗಿನಡಿಯ ಒಂಬತ್ತನ್ನು ತೆಗೆದಿಟ್ಟರು. ನನ್ನ ಪಕ್ಕದ ಹುಡುಗಿ ಬೆರಳು ಮಡಚಿ ಎಣಿಸಿ ಮೆಲ್ಲಗೆ ಹೇಳಿದಳು, "ಇನ್ನೂ ಏಳ್ ಕಮ್ಮಿ ಇತ್ತ್."

ಎಲ್ಲರೂ ಹೆಡ್ಮಾಷ್ಟ್ರನ್ನು ನೋಡಿದೆವು.

ಅವರು ಕೆಮ್ಮಿ, ಅಂಗಿಯ ಜೇಬಿನಿಂದ ಏಳರ ಎಲೆ ತೆಗೆದರು. "ಮಕ್ಳಿಗೆ ಗೊತ್ತಾತ್ತಾ ಅಂದ್ ಪರೀಕ್ಷೆ ಮಾಡ್ದೆ."

"ನಾನೂ ಅದನ್ನೇ ಮಾಡುದ್ ಸರ್" ಎಂದ ಟೀಚರು ಮಾಡಿನ ಹೆಂಚು ನೋಡುತ್ತ ಎಲೆ ಕಲಸತೊಡಗಿದರು.

ಹೆಡ್ಮಾಷ್ಟ್ರು ಎದ್ದು ಹೋಗಲಿಲ್ಲ. ಅಂಗಿಯ ತೋಳು ಮಡಚಿಕೊಂಡರು.